ಡಿ.ಎಡ್ಡೋ, ಬಿ.ಎಡ್ಡೋ, ನಾಲ್ಕು ವರ್ಷದ ಕೋರ್ಸೋ: ಮಲೆನಾಡಿನಿಂದ ಮೇಷ್ಟ್ರಾಗಲು ಹೊರಟವರಿಗೆ

ಪಿಯುಸಿ ಫಲಿತಾಂಶ ಬಂದ ವಾರ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಕೇಳಿಬರುವ ಮಾತು ಇದು: "ಟೀಚರ್ ಆಗ್ತೀನಿ ಅಂತಾಳೆ. ಈಗಲೇ ಡಿ.ಎಡ್‌ಗೆ ಹಾಕೋದಾ, ಡಿಗ್ರಿ ಮುಗಿಸಿ ಬಿ.ಎಡ್ ಮಾಡ್ಸೋದಾ?" ಯಾವುದು ಬೇಗ ಮುಗಿಯುತ್ತದೆ, ಯಾವುದಕ್ಕೆ ಖರ್ಚು ಕಡಿಮೆ ಎಂದು ಅಲ್ಲಿಂದಲೇ ಲೆಕ್ಕ ಶುರುವಾಗುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಯಾವ ವಯಸ್ಸಿನ ಮಕ್ಕಳ ಮುಂದೆ ನಿಲ್ಲಬೇಕು? ಒಂದನೇ ತರಗತಿಯೋ, ಏಳನೆಯದೋ, ಹತ್ತನೆಯದೋ? ಇದಕ್ಕೆ ಉತ್ತರ ಸಿಕ್ಕಿದರೆ ಕೋರ್ಸಿನ ಆಯ್ಕೆ ಮುಕ್ಕಾಲುಪಾಲು ಮುಗಿದಂತೆ. ಏಕೆಂದರೆ ಇಂದಿನ ನಿಯಮಗಳಲ್ಲಿ ಒಂದೊಂದು ತರಬೇತಿ ಒಂದೊಂದು ಹಂತದ ತರಗತಿಗೆ ಮಾತ್ರ ಬಾಗಿಲು ತೆರೆಯುತ್ತದೆ.

ಈ ಗೆರೆ ಮೊದಲು ಇಷ್ಟು ಗಟ್ಟಿಯಾಗಿರಲಿಲ್ಲ. 2018ರ ಜೂನ್‌ನಲ್ಲಿ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, ಬಿ.ಎಡ್ ಆದವರೂ 1ರಿಂದ 5ನೇ ತರಗತಿಗೆ ಶಿಕ್ಷಕರಾಗಬಹುದು ಎಂದು ಅಧಿಸೂಚನೆ ಹೊರಡಿಸಿತ್ತು. 2023ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದು ಸಲ್ಲದು ಎಂದಿತು. ಚಿಕ್ಕ ಮಕ್ಕಳಿಗೆ ಕಲಿಸುವುದಕ್ಕೆ ಬೇರೆಯೇ ತರಬೇತಿ ಬೇಕು, ಅದು ಸಿಗುವುದು ಡಿ.ಎಡ್‌ನಲ್ಲಿ ಎಂಬುದು ತೀರ್ಪಿನ ತಿರುಳು. ಬಿ.ಎಡ್ ಮಾಡಿಟ್ಟುಕೊಂಡರೆ ಕೆಳಗಿನ ತರಗತಿಗೂ ಆಯಿತು, ಮೇಲಿನದಕ್ಕೂ ಆಯಿತು ಎಂಬ ಹಳೆಯ ಸಲಹೆಯನ್ನು ಈಗಲೂ ಕೊಡುವವರಿದ್ದಾರೆ. ಅದನ್ನು ಕೇಳಬೇಡಿ.

ತರಗತಿ ಹಿಡಿದು ಹೋಲಿಸಿದರೆ

1ರಿಂದ 5ಕ್ಕೆ ಬೇಕಾದದ್ದು ಪಿಯುಸಿ ಮತ್ತು ಎರಡು ವರ್ಷದ ಡಿ.ಎಡ್. ಕಾಗದದಲ್ಲಿ ಇದರ ಹೆಸರು ಡಿ.ಇಎಲ್.ಇಡಿ, ಹಿರಿಯರು ಇನ್ನೂ ಟಿಸಿಎಚ್ ಎನ್ನುತ್ತಾರೆ. ಪಿಯುಸಿಯಲ್ಲಿ ಶೇ 50 ಅಂಕ ಇರಬೇಕು, ಮೀಸಲಾತಿ ಇರುವವರಿಗೆ ರಿಯಾಯಿತಿ ಇದೆ. ಕಲೆ, ವಾಣಿಜ್ಯ, ವಿಜ್ಞಾನ ಯಾವುದಾದರೂ ಸರಿ. ಮುಗಿದ ಮೇಲೆ ಟಿಇಟಿಯ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ, ಮೊದಲ ಪತ್ರಿಕೆ ಪಾಸಾಗಬೇಕು.

6ರಿಂದ 8ಕ್ಕೆ ಪದವಿ ಬೇಕು, ಜೊತೆಗೆ ಡಿ.ಎಡ್ ಅಥವಾ ಬಿ.ಎಡ್ ಎರಡರಲ್ಲಿ ಒಂದು ಮತ್ತು ಟಿಇಟಿಯ ಎರಡನೇ ಪತ್ರಿಕೆ. ಜಿಪಿಟಿ, ಅಂದರೆ ಪದವೀಧರ ಪ್ರಾಥಮಿಕ ಶಿಕ್ಷಕ, ಎಂದು ಕರೆಯುವುದು ಈ ಹುದ್ದೆಯನ್ನೇ.

9 ಮತ್ತು 10ಕ್ಕೆ ಪದವಿ ಮತ್ತು ಬಿ.ಎಡ್. ಡಿ.ಎಡ್ ಇಲ್ಲಿ ನಡೆಯುವುದಿಲ್ಲ. ಪಿಯು ಉಪನ್ಯಾಸಕರಾಗಲು ಸ್ನಾತಕೋತ್ತರ ಪದವಿಯಲ್ಲಿ ಶೇ 55, ಜೊತೆಗೆ ಬಿ.ಎಡ್. ಡಿಗ್ರಿ ಕಾಲೇಜಿನ ದಾರಿಯೇ ಬೇರೆ: ಅಲ್ಲಿ ಬಿ.ಎಡ್ ಕೇಳುವುದಿಲ್ಲ, ನೆಟ್ ಅಥವಾ ಕೆ-ಸೆಟ್ ಎಂಬ ಅರ್ಹತಾ ಪರೀಕ್ಷೆ ಕೇಳುತ್ತಾರೆ.

ಈಗ ವರ್ಷಗಳ ಲೆಕ್ಕ. ಡಿ.ಎಡ್ ಎರಡು ವರ್ಷ, ಮೇಲೆ ಮೂರು ವರ್ಷದ ಡಿಗ್ರಿ: ಒಟ್ಟು ಐದು. ಮೊದಲು ಡಿಗ್ರಿ, ಆಮೇಲೆ ಎರಡು ವರ್ಷದ ಬಿ.ಎಡ್: ಅದೂ ಐದು. ವ್ಯತ್ಯಾಸ ಇರುವುದು ಕೊನೆಗೆ ಕೈಗೆ ಬರುವ ಅವಕಾಶದಲ್ಲಿ. ಮೊದಲನೆಯವಳು 1ರಿಂದ 8ರವರೆಗೆ ಎಲ್ಲಿಗೆ ಬೇಕಾದರೂ ಅರ್ಜಿ ಹಾಕಬಹುದು, ಹೈಸ್ಕೂಲಿಗೆ ಹಾಕುವಂತಿಲ್ಲ. ಎರಡನೆಯವಳು 6ರಿಂದ 10ರವರೆಗೆ ಹಾಕಬಹುದು, ಒಂದನೇ ತರಗತಿಗೆ ಹಾಕುವಂತಿಲ್ಲ. ಇನ್ನೂ ಒಂದು ಸೂಕ್ಷ್ಮ ಇದೆ. ಮೊದಲನೆಯವಳಿಗೆ 20ನೇ ವಯಸ್ಸಿಗೇ ಒಂದು ವೃತ್ತಿ ಅರ್ಹತೆ ಸಿಕ್ಕಿರುತ್ತದೆ. ಮನೆಯ ಹತ್ತಿರದ ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ದುಡಿಯುತ್ತಲೇ ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ. ಓದಬಹುದು. ಆಮೇಲೆ ಹೈಸ್ಕೂಲಿನ ಆಸೆ ಬಂದರೆ ದೂರಶಿಕ್ಷಣದ ಬಿ.ಎಡ್ ಕೂಡ ಆಕೆಗೆ ತೆರೆದಿರುತ್ತದೆ. ಈ ದೂರಶಿಕ್ಷಣದ ಬಿ.ಎಡ್ ಎಲ್ಲರಿಗೂ ಅಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಕೆಲಸದಲ್ಲಿರುವ ತರಬೇತಾದ ಪ್ರಾಥಮಿಕ ಶಿಕ್ಷಕರು ಅಥವಾ ತರಗತಿಗೆ ಹೋಗಿ ಡಿ.ಎಡ್‌ನಂಥ ಮಾನ್ಯತೆಯ ತರಬೇತಿ ಮುಗಿಸಿದವರು ಮಾತ್ರ ಅದಕ್ಕೆ ಸೇರಬಹುದು. ಬರೀ ಡಿಗ್ರಿ ಇದ್ದವರಿಗೆ ಆ ದಾರಿ ಮುಚ್ಚಿದೆ.

ಹಾಗಾದರೆ ಡಿ.ಎಡ್ಡೇ ಮೇಲು ಎನ್ನಬಹುದಲ್ಲ? ತೊಂದರೆ ಇರುವುದು ನೇಮಕಾತಿಯಲ್ಲಿ. 1ರಿಂದ 5ರ ಹುದ್ದೆಗಳಿಗೆ ಸರ್ಕಾರ ಅರ್ಜಿ ಕರೆಯುವುದು ವರ್ಷಗಟ್ಟಲೆ ಅಂತರದಲ್ಲಿ. ಜಿಪಿಟಿಗೆ 2022ರಲ್ಲಿ ಒಮ್ಮೆಗೇ 15,000 ಹುದ್ದೆಗೆ ಕರೆದಿದ್ದರು. ಬರೀ ಡಿ.ಎಡ್ ಹಿಡಿದು ಕಾಯುವುದು ಕಷ್ಟ. ಡಿ.ಎಡ್ ಆಯ್ದುಕೊಳ್ಳುವವರು ಡಿಗ್ರಿಯನ್ನೂ ಸೇರಿಸಿಯೇ ಯೋಜನೆ ಹಾಕಬೇಕು, ಅದೂ ಜಿಪಿಟಿಗೆ ಹೊಂದುವ ವಿಷಯಗಳ ಡಿಗ್ರಿ.

ಡಿ.ಎಡ್ ಯಾರಿಗೆ ಒಗ್ಗುತ್ತದೆ

ಮಲೆನಾಡಿನ ಕಿರಿಯ ಪ್ರಾಥಮಿಕ ಶಾಲೆ ಎಂದರೆ ಒಂದು ತರಗತಿಗೊಂದು ಕೋಣೆ, ಕೋಣೆಗೊಬ್ಬ ಶಿಕ್ಷಕರು ಎಂದು ಕಲ್ಪಿಸಿಕೊಂಡವರು ಮೊದಲ ದಿನವೇ ಕಂಗಾಲಾಗುತ್ತಾರೆ. ಮನೆಗಳು ಒಂದೊಂದು ಗುಡ್ಡದ ಮೇಲೆ ಚದುರಿರುವ ಕಡೆ ಇಡೀ ಶಾಲೆಗೆ ಹತ್ತು ಹನ್ನೆರಡು ಮಕ್ಕಳು, ಒಬ್ಬರೋ ಇಬ್ಬರೋ ಶಿಕ್ಷಕರು. 1ರಿಂದ 3ರ ಮಕ್ಕಳು ನಲಿ-ಕಲಿ ಕೋಣೆಯಲ್ಲಿ ಒಟ್ಟಿಗೆ ಕೂರುತ್ತಾರೆ. ಆ ಕೋಣೆಯೊಳಗೆ ಏನು ನಡೆಯುತ್ತದೆ ನೋಡಿ. ಗೋಡೆಯ ಮೇಲೆ ಕಲಿಕಾ ಏಣಿ. ಪ್ರತಿ ಮಗುವೂ ಏಣಿಯಲ್ಲಿ ತಾನು ನಿಂತ ಮೆಟ್ಟಿಲು ಯಾವುದೆಂದು ನೋಡಿ, ಅದರ ಚಿತ್ರ ಇರುವ ಕಾರ್ಡು ತೆಗೆದುಕೊಂಡು, ತನ್ನ ತಟ್ಟೆಗೆ ಹೋಗಿ ಕೂರುತ್ತದೆ. ತಟ್ಟೆ ಅಂದರೆ ಗುಂಪು. ಒಂದು ತಟ್ಟೆಗೆ ಶಿಕ್ಷಕರ ಪೂರ್ತಿ ನೆರವು ಬೇಕು, ಇನ್ನೊಂದಕ್ಕೆ ಅರ್ಧ ಸಾಕು. ಮತ್ತೊಂದು ಕಡೆ ಗೆಳೆಯರೇ ಹೇಳಿಕೊಡುತ್ತಾರೆ. ಕೊನೆಯದರಲ್ಲಿ ಮಗು ತಾನೇ ಕಲಿಯುತ್ತದೆ. ಹೊಸಬರು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ: ಮೊದಲ ತಟ್ಟೆಯಲ್ಲಿ ಕೂತವರು ಅಲ್ಲೇ ಮುಳುಗಿಬಿಡುತ್ತಾರೆ, ಅಷ್ಟರಲ್ಲಿ ಸ್ವಕಲಿಕೆಯ ಮಗು ಕಾರ್ಡು ಮುಗಿಸಿ ಕಿಟಕಿಯಾಚೆ ನೋಡುತ್ತ ಕೂತಿರುತ್ತದೆ. ಕೈ ಒಂದು ತಟ್ಟೆಯಲ್ಲಿದ್ದರೂ ಕಣ್ಣು ಉಳಿದವುಗಳ ಮೇಲೆ ಇರಬೇಕು. ಇದು ಬಿ.ಎಡ್‌ನಲ್ಲಿ ಕಲಿಸುವ ವಿದ್ಯೆಯಲ್ಲ.

ಪಾಠದ ಜೊತೆಗೆ ಬಿಸಿಯೂಟದ ಅಕ್ಕಿ-ಬೇಳೆ ಲೆಕ್ಕ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆ, ಮೊಬೈಲ್ ಸಿಗ್ನಲ್ ಸಿಗುವ ದಿಬ್ಬಕ್ಕೆ ಹೋಗಿ ಆನ್‌ಲೈನ್ ಹಾಜರಾತಿ ತುಂಬುವುದು ಎಲ್ಲ ಇರುತ್ತದೆ. ಒಬ್ಬರೇ ಇದ್ದು ಎಲ್ಲ ನಿಭಾಯಿಸುವ ಗಟ್ಟಿತನ, ಚಿಕ್ಕ ಮಕ್ಕಳೊಂದಿಗೆ ನೆಲದ ಮೇಲೆ ಕೂರುವ ಮನಸ್ಸು ಇದ್ದವರು ಡಿ.ಎಡ್ ಆಯ್ದುಕೊಳ್ಳಲಿ. ಒಂದು ವಿಷಯವನ್ನು ಆಳಕ್ಕಿಳಿದು ಹೇಳುವ ಹಂಬಲ ಇದ್ದವರಿಗೆ ಇಲ್ಲಿ ಬೇಸರ ಬರುತ್ತದೆ.

ಡಿ.ಎಡ್ ಸೀಟು ಹಂಚುವುದು ಶಾಲಾ ಶಿಕ್ಷಣ ಇಲಾಖೆಯ ಕೇಂದ್ರೀಕೃತ ದಾಖಲಾತಿ ಘಟಕ, ಪಿಯುಸಿ ಅಂಕಗಳ ಮೇಲೆ. ಶಿವಮೊಗ್ಗದ ಡಯಟ್‌ನಲ್ಲಿ, ಅಂದರೆ ಜಿಲ್ಲೆಯ ಸರ್ಕಾರಿ ಶಿಕ್ಷಕ ತರಬೇತಿ ಸಂಸ್ಥೆಯಲ್ಲಿ, ಸೀಟು ಸಿಕ್ಕಿದರೆ ಬಿಡಬೇಡಿ. ಶುಲ್ಕ ಕಡಿಮೆ ಎಂಬುದು ಒಂದು ಕಾರಣ ಅಷ್ಟೆ. ಜಿಲ್ಲೆಯ ಸೇವಾನಿರತ ಶಿಕ್ಷಕರಿಗೆ ತರಬೇತಿ ನಡೆಯುವುದೂ ಡಯಟ್ ಮೂಲಕವೇ, ಹಾಗಾಗಿ ಹೊಸ ಪಠ್ಯ, ಹೊಸ ಕಲಿಕಾ ಸಾಮಗ್ರಿ ಮೊದಲು ಬಂದು ಬೀಳುವುದು ಅಲ್ಲಿ.

ಬಿ.ಎಡ್: ತಪ್ಪು ನಡೆಯುವುದು ಡಿಗ್ರಿಗೆ ಸೇರುವ ದಿನ

ಬಿ.ಎಡ್‌ಗೆ ಅರ್ಜಿ ಹಾಕುವಾಗ ಯೋಚಿಸಿದರಾಯಿತು ಎಂದುಕೊಳ್ಳುವುದು ದೊಡ್ಡ ತಪ್ಪು. ಹುದ್ದೆಗೆ ಅರ್ಹತೆ ನಿರ್ಧಾರವಾಗುವುದು ಡಿಗ್ರಿಯಲ್ಲಿ ಓದಿದ ಐಚ್ಛಿಕ ವಿಷಯಗಳ ಮೇಲೆ. ಹೈಸ್ಕೂಲಿನಲ್ಲಿ ಹುದ್ದೆಗಳು ಇರುವುದು ಪಿಸಿಎಂ (ಭೌತ, ರಸಾಯನ, ಗಣಿತ), ಸಿಬಿಝೆಡ್ (ರಸಾಯನ, ಸಸ್ಯ, ಪ್ರಾಣಿಶಾಸ್ತ್ರ), ಸಮಾಜ ವಿಜ್ಞಾನದ ಕಲಾ ಶಿಕ್ಷಕರು, ಆಮೇಲೆ ಕನ್ನಡ, ಇಂಗ್ಲಿಷ್, ಹಿಂದಿಯಂಥ ಭಾಷೆಗಳು ಎಂಬ ವಿಂಗಡಣೆಯಲ್ಲಿ. ಈ ಚೌಕಟ್ಟಿನೊಳಗೆ ನಿಮ್ಮ ವಿಷಯಗಳು ಕೂರಬೇಕು.

ಭೌತಶಾಸ್ತ್ರ, ಗಣಿತ ಓದಿದವರಿಗೆ ತಕರಾರಿಲ್ಲ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದವರಿಗೂ ಇಲ್ಲ. ಬಿ.ಎ.ಯಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಭೂಗೋಳದ ನಡುವಿನ ಜೋಡಿ ಇದ್ದರೆ ಸರಿ. ಪತ್ರಿಕೋದ್ಯಮ, ಮನಃಶಾಸ್ತ್ರ, ಸಮಾಜಶಾಸ್ತ್ರವನ್ನೇ ನೆಚ್ಚಿಕೊಂಡವರು ಹಿಂದಿನ ನೇಮಕಾತಿ ಅಧಿಸೂಚನೆಯಲ್ಲಿ ತಮ್ಮ ಜೋಡಿ ಇದೆಯೇ ಎಂದು ತೆರೆದು ನೋಡಿ. ಬಿ.ಕಾಂ. ಮಾಡಿದವರಿಗಂತೂ ನೇರವಾಗಿ ಹೇಳಿಬಿಡುವುದು ಒಳ್ಳೆಯದು: ರಾಜ್ಯ ಪಠ್ಯಕ್ರಮದ ಹೈಸ್ಕೂಲಿನಲ್ಲಿ ವಾಣಿಜ್ಯ ಎಂಬ ವಿಷಯವೇ ಇಲ್ಲ. ಎಂ.ಕಾಂ. ಮಾಡಿ ಪಿಯು ಉಪನ್ಯಾಸಕರಾಗುವ ಗುರಿ ಇದ್ದರೆ ಮಾತ್ರ ನಿಮ್ಮ ಬಿ.ಎಡ್‌ಗೆ ಅರ್ಥ.

ಡಿಗ್ರಿಯ ಸ್ವರೂಪವೇ ಇತ್ತೀಚೆಗೆ ಎರಡು ಸಲ ಬದಲಾಗಿದೆ. 2021-22ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಎರಡು ಮುಖ್ಯ ವಿಷಯಗಳ ಪದ್ಧತಿ ಬಂತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷ, ಮೂರು ವಿಷಯಗಳ ಪದ್ಧತಿಗೆ ಮರಳಿತು. ಈ ನಡುವೆ ಓದಿದವರ ಅಂಕಪಟ್ಟಿಯಲ್ಲಿ ಒಂದು ವಿಷಯ ಎಷ್ಟು ಸೆಮಿಸ್ಟರ್ ಇದೆ ಎಂಬುದು ದಾಖಲೆ ಪರಿಶೀಲನೆಯ ವೇಳೆ ಪ್ರಶ್ನೆಯಾಗಬಹುದು. ಎಲ್ಲ ಸೆಮಿಸ್ಟರ್‌ನ ಅಂಕಪಟ್ಟಿಗಳನ್ನೂ ಜೋಪಾನ ಮಾಡಿ, ಕ್ರೋಡೀಕೃತ ಅಂಕಪಟ್ಟಿಯೊಂದನ್ನೇ ನೆಚ್ಚಬೇಡಿ.

ಪದವಿಯಲ್ಲಿ ಶೇ 50 ಇದ್ದರೆ ಬಿ.ಎಡ್‌ಗೆ ಅರ್ಹತೆ. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಕಾಲೇಜುಗಳು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿವೆ. ಸಂಸ್ಕೃತ ಓದಿದವರಿಗೆ ನಮ್ಮ ಮಲೆನಾಡಿನಲ್ಲೇ ಇನ್ನೊಂದು ದಾರಿ ಇದೆ: ಶೃಂಗೇರಿಯ ಕೇಂದ್ರೀಯ ಸಂಸ್ಕೃತ ವಿಶ್ವವಿದ್ಯಾಲಯದ ಆವರಣದಲ್ಲಿ ನಡೆಯುವ ಶಿಕ್ಷಾಶಾಸ್ತ್ರಿ, ಬಿ.ಎಡ್‌ಗೆ ಸಮಾನವಾದದ್ದು. ಅದಕ್ಕೆ ಪ್ರವೇಶ ಪರೀಕ್ಷೆ ಬರೆಯಬೇಕು.

ಕಾಲೇಜು ಆಯ್ಕೆಯಲ್ಲಿ ನೋಡಬೇಕಾದದ್ದು

"ಕ್ಲಾಸಿಗೆ ಬರಬೇಕಾಗಿಲ್ಲ, ಪರೀಕ್ಷೆಗೆ ಬಂದರೆ ಸಾಕು" ಎಂದು ಹೇಳುವ ಕಾಲೇಜು ಅಥವಾ ಏಜೆಂಟು ಸಿಕ್ಕಿದರೆ ಅಲ್ಲಿಂದ ಎದ್ದು ಬನ್ನಿ. ಎನ್‌ಸಿಟಿಇಯ 2014ರ ನಿಯಮ ಸ್ಪಷ್ಟವಾಗಿದೆ: ವರ್ಷಕ್ಕೆ ಕನಿಷ್ಠ 200 ಕೆಲಸದ ದಿನ, ತರಗತಿ ಮತ್ತು ಪ್ರಾಯೋಗಿಕ ಕೆಲಸಕ್ಕೆ ಶೇ 80 ಹಾಜರಾತಿ, ಶಾಲಾ ಇಂಟರ್ನ್‌ಶಿಪ್‌ಗೆ ಶೇ 90. ನೂರು ವಿದ್ಯಾರ್ಥಿಗಳ ಕಾಲೇಜಿಗೆ, ಅಂದರೆ ಐವತ್ತರ ಎರಡು ಘಟಕಕ್ಕೆ, 16 ಪೂರ್ಣಾವಧಿ ಅಧ್ಯಾಪಕರು ಇರಬೇಕು. ಕಾಲೇಜಿಗೆ ಹೋದ ದಿನ ಸ್ಟಾಫ್ ರೂಮಿನ ಕುರ್ಚಿ ಎಣಿಸಿದರೂ ಸಾಕು, ಅರ್ಧ ಕಥೆ ತಿಳಿಯುತ್ತದೆ. ಎನ್‌ಸಿಟಿಇ ಮಾನ್ಯತೆ ಇದೆಯೇ, ಎಷ್ಟು ಸೀಟಿಗೆ ಇದೆ ಎಂಬುದನ್ನು ಪರಿಷತ್ತಿನ ವೆಬ್‌ಸೈಟಿನಲ್ಲಿ ನೀವೇ ನೋಡಿ. ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚಾದದ್ದನ್ನು ನಂಬಿ ಹಣ ಕಟ್ಟಬೇಡಿ.

ಎರಡನೆಯದಾಗಿ ಸೂಕ್ಷ್ಮ ಬೋಧನೆ ಹೇಗೆ ಮಾಡಿಸುತ್ತಾರೆ ಎಂದು ಹಿಂದಿನ ವರ್ಷದವರನ್ನು ಕೇಳಿ. ಅದರ ಸುತ್ತು 36 ನಿಮಿಷದ್ದು. 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷದಲ್ಲಿ ಪಾಠವನ್ನು ಹೊಸದಾಗಿ ಯೋಜಿಸುವುದು, ಮತ್ತೆ 6 ನಿಮಿಷ ಪಾಠ, ಮತ್ತೆ 6 ನಿಮಿಷ ಹಿಮ್ಮಾಹಿತಿ. ಒಂದು ಸುತ್ತಿನಲ್ಲಿ ಒಂದೇ ಕೌಶಲ: ಪ್ರಶ್ನೆ ಕೇಳುವುದು, ವಿವರಿಸುವುದು ಅಥವಾ ಕಪ್ಪುಹಲಗೆ ಬಳಸುವುದು. ಸಾಲು ಬಾಗುತ್ತ ಹೋಗುವ ಅಕ್ಷರ, ಹಲಗೆಗೆ ಮುಖ ಮಾಡಿಯೇ ಮಾತಾಡುವುದು, ಪ್ರಶ್ನೆ ಕೇಳಿ ಎರಡು ಸೆಕೆಂಡೂ ಕಾಯದೆ ಉತ್ತರವನ್ನು ತಾವೇ ಹೇಳಿಬಿಡುವುದು, ಇಂಥವೆಲ್ಲ ಸಿಕ್ಕಿಬೀಳುವುದು ಇಲ್ಲಿ. ಆದರೆ ಅನೇಕ ಕಡೆ ಮೊದಲ 6 ನಿಮಿಷದ ಪಾಠ ಆದ ಮೇಲೆ "ಚೆನ್ನಾಗಿತ್ತು" ಎಂದು ಚಪ್ಪಾಳೆ ತಟ್ಟಿ ಮುಗಿಸುತ್ತಾರೆ. ಮರುಯೋಜನೆ, ಮರುಬೋಧನೆ ಇಲ್ಲದಿದ್ದರೆ ಉಳಿಯುವುದು ರೆಕಾರ್ಡ್ ಪುಸ್ತಕದ ಅಂಟುಕಾಗದ ಮಾತ್ರ.

ಮೂರನೆಯದು ಇಂಟರ್ನ್‌ಶಿಪ್. ಎರಡು ವರ್ಷದಲ್ಲಿ ಒಟ್ಟು 20 ವಾರ: ಮೊದಲ ವರ್ಷ 4, ಎರಡನೇ ವರ್ಷ 16. ಮಲೆನಾಡಿನಲ್ಲಿ ಇದು ಜೂನ್, ಜುಲೈ, ಆಗಸ್ಟ್ ಕಡೆಗೆ ಬಿದ್ದರೆ ಮಳೆ ರಜೆಗಳು ದಿನಗಳನ್ನು ನುಂಗುತ್ತವೆ. ಆಗುಂಬೆ, ಹುಲಿಕಲ್ ಕಡೆ ಜಿಲ್ಲಾಧಿಕಾರಿಗಳ ರಜೆ ಘೋಷಣೆ ವಾರಗಟ್ಟಲೆ ಮುಂದುವರಿಯುವುದುಂಟು. ಮಾಡಬೇಕಾದ ಪಾಠಗಳ ಸಂಖ್ಯೆಯೇನೂ ಕಡಿಮೆಯಾಗುವುದಿಲ್ಲ, ಕೊನೆಯ ವಾರ ದಿನಕ್ಕೆ ಮೂರು ನಾಲ್ಕು ಪಾಠ ತುರುಕಿ ಮುಗಿಸಬೇಕಾಗುತ್ತದೆ. ಶಾಲೆ ಆರಿಸಲು ಅವಕಾಶ ಇದ್ದರೆ ಬಸ್ ಬರುವ ರಸ್ತೆಯ ಮೇಲಿನ ಸರ್ಕಾರಿ ಹೈಸ್ಕೂಲನ್ನು ಆರಿಸಿ, ಮೊದಲ ಎರಡು ವಾರದಲ್ಲೇ ಪಾಠಗಳನ್ನು ಶುರು ಮಾಡಿ.

ಬಸ್ಸಿನ ಮಾತು ಬಂದದ್ದಕ್ಕೆ ಹೇಳುವುದು: ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆಯ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಎರಡು ವರ್ಷದ ಬಸ್ ಚಾರ್ಜು ಮತ್ತು ಹಾಸ್ಟೆಲ್ ಖರ್ಚನ್ನು ಅಕ್ಕಪಕ್ಕ ಬರೆದು ನೋಡಿ. ಹಲವು ಸಲ ಶಿವಮೊಗ್ಗದ ಬಿಸಿಎಂ (ಹಿಂದುಳಿದ ವರ್ಗಗಳ) ಹಾಸ್ಟೆಲ್ಲೇ ಅಗ್ಗವಾಗುತ್ತದೆ, ಓದಲು ಸಮಯವೂ ಸಿಗುತ್ತದೆ.

ನಾಲ್ಕು ವರ್ಷದ ಸಂಯೋಜಿತ ಕೋರ್ಸು

ಪಿಯುಸಿ ಮುಗಿದ ಕೂಡಲೇ ಡಿಗ್ರಿ, ಬಿ.ಎಡ್ ಎರಡನ್ನೂ ಸೇರಿಸಿ ನಾಲ್ಕು ವರ್ಷದಲ್ಲಿ ಮುಗಿಸುವುದು ಐಟಿಇಪಿ. ಒಂದು ವರ್ಷ ಉಳಿಯುತ್ತದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಅಂದರೆ 1963ರಲ್ಲಿ ಶುರುವಾದ ಆರ್‌ಐಇ, ಇಂಥ ನಾಲ್ಕು ವರ್ಷದ ಬಿ.ಎಸ್ಸಿ.ಎಡ್, ಬಿ.ಎ.ಎಡ್‌ಗೆ ಹಿಂದಿನಿಂದಲೂ ಹೆಸರುವಾಸಿ. ಪಾಠ ಮಾಡಿ ಕಲಿಯಲು ಅದರ ಆವರಣದಲ್ಲೇ ಮಕ್ಕಳ ಶಾಲೆಯೊಂದಿದೆ, ವಿಷಯದ ಅಧ್ಯಾಪಕರೂ ಶಿಕ್ಷಣಶಾಸ್ತ್ರದ ಅಧ್ಯಾಪಕರೂ ಒಂದೇ ಸೂರಿನಡಿ ಇದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಪಿಯುಸಿ ವಿಜ್ಞಾನದಲ್ಲಿ ಚೆನ್ನಾಗಿ ಓದಿ, ಶಿಕ್ಷಕ ವೃತ್ತಿಯೇ ಬೇಕು ಎಂದು ಖಚಿತವಾಗಿರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಕರ್ನಾಟಕದಲ್ಲಿಲ್ಲ.

ಐಟಿಇಪಿಗೆ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ (ಎನ್‌ಟಿಎ) ನಡೆಸುವ ಎನ್‌ಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ಕನ್ನಡದಲ್ಲೂ ಬರೆಯಬಹುದು. ವಿಷಯಗಳ ಜೊತೆ ಎರಡು ಭಾಷೆ, ಸಾಮಾನ್ಯ ಜ್ಞಾನ, ಬೋಧನಾ ಅಭಿರುಚಿ ಇರುತ್ತವೆ. ಎಡವುವುದು ಅರ್ಜಿಯಲ್ಲಿ: ಪಿಯುಸಿ ಫಲಿತಾಂಶಕ್ಕೆ ಮೊದಲೇ ಅರ್ಜಿಯ ಗಡುವು ಮುಗಿದುಹೋಗುವುದುಂಟು. ಹಳ್ಳಿಯ ಕಾಲೇಜಿನ ಸೂಚನಾ ಫಲಕಕ್ಕೆ ನೀಟ್, ಸಿಇಟಿ ಸುದ್ದಿ ಬರುತ್ತದೆ, ಇದು ಬರುವುದಿಲ್ಲ. ದ್ವಿತೀಯ ಪಿಯುಸಿಯ ಜನವರಿಯಿಂದಲೇ ಎನ್‌ಟಿಎ ವೆಬ್‌ಸೈಟಿನ ಮೇಲೆ ಕಣ್ಣಿಡಿ.

ಯಾರಿಗೆ ಬೇಡ? ಮನಸ್ಸು ಇನ್ನೂ ಡೋಲಾಯಮಾನವಾಗಿರುವವರಿಗೆ. ಹದಿನೇಳಕ್ಕೇ ವೃತ್ತಿ ನಿರ್ಧರಿಸಿ ಎರಡನೇ ವರ್ಷಕ್ಕೆ ಬೇಡವಾದರೆ ತಿರುಗಿ ಬರುವುದು ಕಷ್ಟ. ಡಿಗ್ರಿ ಆಮೇಲೆ ಬಿ.ಎಡ್ ಎಂಬ ದಾರಿಯಲ್ಲಿ ಮೂರು ವರ್ಷದ ನಂತರ ಮತ್ತೆ ಯೋಚಿಸಲು ಅವಕಾಶ ಇರುತ್ತದೆ.

ಒಂದು ವರ್ಷದ ಬಿ.ಎಡ್ ಬರುತ್ತಿದೆಯಂತೆ, ಕಾಯೋಣವೇ ಎಂದು ಕೇಳುವವರಿದ್ದಾರೆ. 2025ರ ಫೆಬ್ರವರಿಯಲ್ಲಿ ಎನ್‌ಸಿಟಿಇ ಹೊರಡಿಸಿದ ಕರಡಿನಲ್ಲಿ ಆ ಪ್ರಸ್ತಾಪ ಇದ್ದದ್ದು ನಾಲ್ಕು ವರ್ಷದ ಪದವಿ ಅಥವಾ ಸ್ನಾತಕೋತ್ತರ ಪದವಿ ಆದವರಿಗೆ. ಮೂರು ವರ್ಷದ ಡಿಗ್ರಿಯವರು ಅದನ್ನು ನಂಬಿ ವರ್ಷ ಕಳೆಯಬೇಡಿ.

ಟಿಇಟಿ ಮತ್ತು ನೇಮಕಾತಿ

ಟಿಇಟಿಯಲ್ಲಿ 150 ಪ್ರಶ್ನೆ, 150 ಅಂಕ, ಎರಡೂವರೆ ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದನ್ನೂ ಖಾಲಿ ಬಿಡಬೇಡಿ. ಸಾಮಾನ್ಯ ವರ್ಗಕ್ಕೆ ಶೇ 60, ಅಂದರೆ 90 ಅಂಕ. ಪರಿಶಿಷ್ಟರು, ಪ್ರವರ್ಗ-1, ಅಂಗವಿಕಲರಿಗೆ ಶೇ 55. ಮೊದಲ ಪತ್ರಿಕೆಯಲ್ಲಿ ಶಿಶು ವಿಕಾಸ, ಎರಡು ಭಾಷೆ, ಗಣಿತ, ಪರಿಸರ ಅಧ್ಯಯನ, ತಲಾ 30. ಎರಡನೆಯದರಲ್ಲಿ ಗಣಿತ-ವಿಜ್ಞಾನ ಅಥವಾ ಸಮಾಜಕ್ಕೆ 60. ಪಾಸಾದರೆ ಜೀವನಪರ್ಯಂತ ಮಾನ್ಯ, ಆದರೂ ಮತ್ತೆ ಬರೆದು ಅಂಕ ಹೆಚ್ಚಿಸಿಕೊಳ್ಳುವುದರಲ್ಲಿ ಲಾಭವಿದೆ: ಜಿಪಿಟಿ ಆಯ್ಕೆಯಲ್ಲಿ ಟಿಇಟಿ ಅಂಕಕ್ಕೂ ಪಾಲಿದೆ. ಗಾಜನೂರಿನ ನವೋದಯದಂಥ ಕೇಂದ್ರದ ಶಾಲೆಗಳಿಗೆ ಸಿಟಿಇಟಿ, ಅಂದರೆ ಕೇಂದ್ರದ ಟಿಇಟಿ, ಬರೆಯಬೇಕು.

2022ರಲ್ಲಿ ಕರೆದ 15,000 ಜಿಪಿಟಿ ಹುದ್ದೆಗಳು ಪೂರ್ತಿ ತುಂಬಲಿಲ್ಲ. ವಿಷಯ ಪತ್ರಿಕೆಯಲ್ಲಿ ವಿವರಿಸಿ ಬರೆಯುವ ಉತ್ತರಗಳಿದ್ದವು, ಭಾಷಾ ಪತ್ರಿಕೆಯೂ ಹಾಗೆಯೇ. ಸರಿ ಗುರುತು ಹಾಕುವ ಅಭ್ಯಾಸ ಮಾತ್ರ ಮಾಡಿದವರು ಇಲ್ಲಿ ಕನಿಷ್ಠ ಅಂಕ ದಾಟುವುದು ಕಷ್ಟ. ಡಿಗ್ರಿಯ ಪುಸ್ತಕ ಮಾರಬೇಡಿ. 8, 9, 10ನೇ ತರಗತಿಯ ಪಠ್ಯವನ್ನು ಪಾಠ ಮಾಡುವವರಂತೆ ಓದಿ, ಪ್ರತಿ ಘಟಕಕ್ಕೂ ಅರ್ಧ ಪುಟದ ಉತ್ತರ ಕೈಯಲ್ಲಿ ಬರೆದು ಅಭ್ಯಾಸ ಮಾಡಿ.

ಊರಿನ ಹತ್ತಿರ ಇರಬೇಕೆಂಬ ಆಸೆ ಇದ್ದವರಿಗೆ ಇನ್ನೊಂದು ಹೋಲಿಕೆ ಮುಖ್ಯ. ಪ್ರಾಥಮಿಕ ಶಾಲೆಯ ಹುದ್ದೆ ಜಿಲ್ಲೆಯ ಲೆಕ್ಕದ್ದು. ಹೈಸ್ಕೂಲಿನದು ವಿಭಾಗದ ಲೆಕ್ಕದ್ದು. ಶಿವಮೊಗ್ಗ ಬೆಂಗಳೂರು ವಿಭಾಗಕ್ಕೆ ಸೇರಿದೆ, ಹಾಗಾಗಿ ಹೈಸ್ಕೂಲು ಶಿಕ್ಷಕರಾದವರಿಗೆ ಕೋಲಾರದ ಗಡಿಯಲ್ಲೂ ಶಾಲೆ ಸಿಗಬಹುದು. ಪಕ್ಕದ ಚಿಕ್ಕಮಗಳೂರು ಮೈಸೂರು ವಿಭಾಗದ್ದು. ತೀರ್ಥಹಳ್ಳಿಯಿಂದ ಕಣ್ಣಳತೆಯ ಕೊಪ್ಪಕ್ಕೆ ವರ್ಗ ಬೇಕೆಂದರೆ ವಿಭಾಗವನ್ನೇ ದಾಟಬೇಕು. ಸಂಬಳದ ಶ್ರೇಣಿ ಪ್ರಾಥಮಿಕ, ಹೈಸ್ಕೂಲು, ಪಿಯು ಕ್ರಮದಲ್ಲಿ ಏರುತ್ತದೆ, ಊರಿನಿಂದ ದೂರವೂ ಹೆಚ್ಚುಕಡಿಮೆ ಅದೇ ಕ್ರಮದಲ್ಲಿ.

ಕಾಗದಪತ್ರ

ಹಳ್ಳಿಯಲ್ಲಿ 1ರಿಂದ 10ರವರೆಗೆ ಓದಿದವರಿಗೆ ಗ್ರಾಮೀಣ ಮೀಸಲಾತಿ ಶೇ 25, ಕನ್ನಡ ಮಾಧ್ಯಮದವರಿಗೆ ಶೇ 5 ಇದೆ. ಮಲೆನಾಡಿನ ಬಹುಪಾಲು ಅಭ್ಯರ್ಥಿಗಳಿಗೆ ಎರಡೂ ಸಿಗಬೇಕು, ಆದರೆ ಪ್ರಮಾಣಪತ್ರ ಇಲ್ಲದೆ ಕೈತಪ್ಪುತ್ತದೆ. ಓದಿದ ಪ್ರತಿ ಶಾಲೆಯ ಮುಖ್ಯ ಶಿಕ್ಷಕರ ಸಹಿ, ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುಸಹಿ ಬೇಕು. ಮಕ್ಕಳಿಲ್ಲದೆ ಮುಚ್ಚಿದ ಶಾಲೆಯಲ್ಲಿ ಓದಿದ್ದರೆ ದಾಖಲಾತಿ ಪುಸ್ತಕ ಹತ್ತಿರದ ಇನ್ನೊಂದು ಶಾಲೆಗೆ ಹೋಗಿರುತ್ತದೆ. ಎಲ್ಲಿಗೆ ಹೋಗಿದೆ ಎಂಬುದು ಆ ಕ್ಲಸ್ಟರಿನ ಸಂಪನ್ಮೂಲ ವ್ಯಕ್ತಿಗೆ (ಸಿಆರ್‌ಪಿ) ಗೊತ್ತಿರುತ್ತದೆ. ಇದನ್ನು ಅಧಿಸೂಚನೆ ಬಂದ ಮೇಲೆ ಹುಡುಕಲು ಹೋಗಬೇಡಿ, ಬಿ.ಎಡ್ ಅರ್ಜಿಯ ಹೊತ್ತಿಗೇ ಮಾಡಿಸಿಡಿ.

ಜಾತಿ-ಆದಾಯ ಪ್ರಮಾಣಪತ್ರದ ಬಗ್ಗೆ ಮದುವೆಯಾದ ಹೆಣ್ಣುಮಕ್ಕಳು ವಿಶೇಷ ಎಚ್ಚರದಿಂದಿರಬೇಕು. ತಂದೆಯ ಆದಾಯದ್ದೋ ಗಂಡನ ಆದಾಯದ್ದೋ ಎಂಬ ತಕರಾರು 2022ರ ಜಿಪಿಟಿ ನೇಮಕಾತಿಯಲ್ಲಿ ಹೈಕೋರ್ಟ್‌ವರೆಗೆ ಹೋಗಿ, ಆಯ್ಕೆಪಟ್ಟಿ ತಿಂಗಳುಗಟ್ಟಲೆ ನಿಂತಿತು. ಅಧಿಸೂಚನೆಯಲ್ಲಿ ಯಾರ ಹೆಸರಿನದು ಕೇಳಿದ್ದಾರೆ, ಯಾವ ದಿನಾಂಕದೊಳಗೆ ಪಡೆದಿರಬೇಕು ಎಂಬ ಎರಡು ಸಾಲನ್ನು ಓದಿ, ನಾಡಕಚೇರಿಗೆ ಹೋಗುವಾಗ ಅದರ ಪ್ರತಿಯನ್ನೂ ಜೊತೆಗಿಟ್ಟುಕೊಳ್ಳಿ.